ಸಂವತ್ಸರ ಗೊತ್ತು, ಇಸವಿ ಗೊತ್ತಿಲ್ಲ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾಗದ, ಉಪನಯನದ ಕಾಗದ, ದೇವಸ್ಥಾನದ ರಶೀದಿ ಪುಸ್ತಕ, ಹೀಗೆ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಸ್ಮರಣ ಸಂಚಿಕೆಗಳ ಕಾಲ ಶುರುವಾಗುತ್ತದೆ. ಶಾಲೆಗೆ ನೂರು ವರ್ಷ, ಸಹಕಾರಿ ಸಂಘಕ್ಕೆ ಎಪ್ಪತ್ತೈದು, ಭಜನಾ ಮಂಡಳಿಗೆ ಐವತ್ತು. ಅಧ್ಯಕ್ಷರ ಫೋಟೋ, ಶಾಸಕರ ಶುಭ ಸಂದೇಶ, ಅಡಿಕೆ ವ್ಯಾಪಾರಿಗಳ ಜಾಹೀರಾತು ಎಲ್ಲ ಕೂತ ಮೇಲೂ ನಡುನಡುವೆ ಅರ್ಧ ಪುಟ, ಕಾಲು ಪುಟ ಖಾಲಿ ಉಳಿಯುತ್ತದೆ. ಆಗ ಕಮಿಟಿಯವರು ಹೇಳುವುದು ಒಂದೇ ಮಾತು: "ಗೂಗಲ್‌ನಲ್ಲಿ ಎಂತಾದ್ರೂ ಸಿಗ್ತದಲ್ಲ ತಂಗಿ, ಒಂದು ಕಗ್ಗನೋ ಚುಟುಕನೋ ಹಾಕ್ಬಿಡು."

ನಾನು ಹಾಕುವುದಿಲ್ಲ. ಕಗ್ಗ ಬರೆದ ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಚುಟುಕ ಅಂದರೆ ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿ, ಅವರು ಹೋದದ್ದು 1982ರಲ್ಲಿ. ನಮ್ಮ ದೇಶದ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ ಅರವತ್ತು ವರ್ಷ ಹಕ್ಕು ಉಳಿದಿರುತ್ತದೆ. ಅಂದರೆ ಡಿವಿಜಿ ಬರೆದದ್ದು ಎಲ್ಲರದ್ದಾಗುವುದು 2036ರ ಜನವರಿ 1ಕ್ಕೆ, ದೇಸಾಯಿಯವರದ್ದು 2043ರ ಜನವರಿ 1ಕ್ಕೆ. ಲೇಖನದ ನಡುವೆ ನಾಲ್ಕು ಸಾಲು ಉದಾಹರಿಸುವುದಕ್ಕೆ ಕಾಯ್ದೆಯಲ್ಲೇ ಜಾಗ ಇದೆ, ಅದು ಬೇರೆ. ಖಾಲಿ ಜಾಗ ತುಂಬಲು ಸುಮ್ನೆ ಎತ್ತಿ ಹಾಕುವುದು ಬೇರೆ. ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ ಬರುತ್ತದೆ ಅನ್ನುವುದು ಪರವಾನಗಿ ಅಲ್ಲ.

"ಹಾಗಾದ್ರೆ ಎಂತ ಹಾಕೂದು?" ಅಂತ ಮುಖ ಸಣ್ಣ ಮಾಡುತ್ತಾರೆ. ನಿಮ್ಮ ಕಪಾಟು ತೆಗೆಯಿರಿ ಅನ್ನುತ್ತೇನೆ.

ಈ ಮಾತನ್ನು ಹಟಕ್ಕೆ ಹೇಳುವುದಲ್ಲ. ನೂರು ವರ್ಷದ ಶಾಲೆ ಅಂದರೆ ಅಲ್ಲಿ ಒಂದು ಮರದ ಕಪಾಟು ಇದ್ದೇ ಇರುತ್ತದೆ. ಕೀಲಿ ಕಳೆದುಹೋಗಿರುತ್ತದೆ. ಒಳಗೆ ಹಳೆ ಹಾಜರಿ ಪುಸ್ತಕ, ಇನ್‌ಸ್ಪೆಕ್ಟರರ ಷರಾ ಪುಸ್ತಕ, ಮುಂಬಯಿ ಸರಕಾರದ ಕಾಲದ ಕನ್ನಡ ಪಠ್ಯಪುಸ್ತಕ, ಯಾರೋ ದಾನ ಕೊಟ್ಟ ಕಾದಂಬರಿಗಳು. ದೇವಸ್ಥಾನದಲ್ಲಾದರೆ ಪಂಚಾಂಗದ ಕಟ್ಟು, ಭಜನೆ ಪುಸ್ತಕ. ಭಾಗವತರ ಮನೆಯಲ್ಲಾದರೆ ಯಕ್ಷಗಾನ ಪ್ರಸಂಗಗಳು. ಇದೇ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲೇ ಇಡಗುಂಜಿ ಮೇಳ ಕಟ್ಟಿದರು. ಅಂಥ ಕಡೆ ಹಳೇ ಪ್ರಸಂಗದ ಪ್ರತಿ ಸಿಗುವುದು ಆಶ್ಚರ್ಯ ಏನಲ್ಲ. ಮೊನ್ನೆ ಮೊನ್ನೆ ಬರೆದ ಪ್ರಸಂಗಕ್ಕೆ ಕವಿಯ ಹಕ್ಕು ಇದೆ, ಅದನ್ನು ಮುಟ್ಟಬಾರದು. ಪಾರ್ತಿಸುಬ್ಬನ ಪ್ರಸಂಗಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮ ಊರಿನವರಿಗೇ ಮರೆತುಹೋದ ಒಂದು ಸಂಗತಿ ಹೇಳುತ್ತೇನೆ. ಕನ್ನಡದ ಮೊದಮೊದಲ ಸಾಮಾಜಿಕ ನಾಟಕ ಅಂತ ಎಲ್ಲರೂ ಹೆಸರಿಸುವ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' 1887ರದ್ದು. ಬರೆದವರು ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು. ಕರ್ಕಿ ಅಂದರೆ ಹೊನ್ನಾವರದ ಮಗ್ಗುಲಲ್ಲೇ ಇದೆ. ಹಣ ತೆಗೆದುಕೊಂಡು ಹೆಣ್ಣು ಕೊಡುವ ಪದ್ಧತಿಯನ್ನು ಬೈದು, ಹವ್ಯಕರ ಮನೆಮಾತಿನಲ್ಲೇ ಬರೆದ ನಾಟಕ. ಶಾಲಾ ವಾರ್ಷಿಕೋತ್ಸವದಲ್ಲಿ ಆಡಬಹುದು, ಅಚ್ಚು ಹಾಕಬಹುದು, ಇವತ್ತಿನ ಕಾಲಕ್ಕೆ ತಿದ್ದಿ ಆಡಬಹುದು. ಯಾರ ಅಪ್ಪಣೆಯೂ ಬೇಡ. ಆದರೂ ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಯೂಟ್ಯೂಬ್ ನೋಡಿ ಯಾರದೋ ಸ್ಕಿಟ್ ನಕಲು ಮಾಡುತ್ತಾರೆ.

ದೊಡ್ಡ ಹೆಸರಿನವರ ಲೆಕ್ಕ ಸುಲಭ. ಪಂಜೆ ಮಂಗೇಶರಾಯರು 1937ರಲ್ಲಿ ಹೋದರು, ಅವರ ಹಾಡು ಕತೆಗಳು ಯಾವತ್ತೋ ಮುಕ್ತ. ಮುದ್ದಣ 1901. ಕೊಡಗಿನ ಗೌರಮ್ಮ 1939. ಕೈಲಾಸಂ, ಬಿಎಂಶ್ರೀ ಇಬ್ಬರೂ 1946. ಗೋವಿಂದ ಪೈಗಳು 1963ರಲ್ಲಿ, ಹಾಗಾಗಿ 2024ರಿಂದ ಮುಕ್ತ. ಆಲೂರು ವೆಂಕಟರಾಯರು, ಹಳಕಟ್ಟಿಯವರು ಇಬ್ಬರೂ 1964ರಲ್ಲಿ, ಅವರದ್ದು 2025ರಿಂದ. ರಾಜ್ಯೋತ್ಸವಕ್ಕೆ ಎಲ್ಲರೂ ಹಾಡುವ 'ಉದಯವಾಗಲಿ' ಬರೆದ ಹುಯಿಲಗೋಳ ನಾರಾಯಣರಾಯರು 1971ರವರೆಗೆ ಇದ್ದರು, ಅದಕ್ಕಿನ್ನೂ 2032 ಬರಬೇಕು. ಮೊದಲು ಈ ಅವಧಿ ಐವತ್ತೇ ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಗೋರರ ಬರಹದ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆಗ ಗಡಿಬಿಡಿಯಲ್ಲಿ ಅರವತ್ತಕ್ಕೆ ಏರಿಸಿದರು. ಅಷ್ಟರಲ್ಲೇ ಮುಗಿದಿದ್ದವಕ್ಕೆ ಮತ್ತೆ ಜೀವ ಬರಲಿಲ್ಲ.

ಇವೆಲ್ಲ ಮೊಬೈಲ್‌ನಲ್ಲೇ ಹುಡುಕಿದರೂ ಸಿಗುತ್ತವೆ. ಕಷ್ಟ ಇರುವುದು ಯಾವ ವಿಶ್ವಕೋಶಕ್ಕೂ ಬಾರದ ಊರಿನ ಬರಹಗಾರರದ್ದು. ಒಬ್ಬ ಮಾಸ್ತರರು ಮಕ್ಕಳಿಗಾಗಿ ಪದ್ಯ ಬರೆದಿರುತ್ತಾರೆ. ಒಬ್ಬ ವೈದ್ಯರು ನಾರು ಬೇರಿನ ಮದ್ದಿನ ಬಗ್ಗೆ ನಲವತ್ತು ಪುಟದ ಪುಸ್ತಕ ಅಚ್ಚು ಹಾಕಿಸಿರುತ್ತಾರೆ. ಒಬ್ಬರು ಆರತಿ ಹಾಡು ಕಟ್ಟಿರುತ್ತಾರೆ, ಅದನ್ನು ಇವತ್ತಿಗೂ ಊರಿನ ಹೆಂಗಸರು ಹಾಡುತ್ತಾರೆ. ಇವರದ್ದು ಮುಕ್ತವೋ ಅಲ್ಲವೋ ಅಂತ ತಿಳಿಯಬೇಕಾದರೆ ತೀರಿಕೊಂಡ ಇಸವಿ ಬೇಕು. ಕಾನೂನು ನಿಂತಿರುವುದೇ ಆ ಒಂದು ಸಂಖ್ಯೆಯ ಮೇಲೆ. ಆ ಸಂಖ್ಯೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಮನೆಯವರಿಗೆ ಗೊತ್ತಿರುವುದು ತಿಥಿ. ಪ್ರತಿ ವರ್ಷ ಶ್ರಾದ್ಧ ಮಾಡುವವರು ಮಾಸ, ಪಕ್ಷ, ತಿಥಿ ತಪ್ಪದೆ ಹೇಳುತ್ತಾರೆ. ಇಸವಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಿರಿಯರು ಒಬ್ಬರಿದ್ದರೆ ಸಂವತ್ಸರ ಹೇಳಿಯಾರು. ನನಗೆ ಅದೇ ದೊಡ್ಡ ಭಾಗ್ಯ. ಯಾಕೆಂದರೆ ಸಂವತ್ಸರಗಳು ಅರವತ್ತು, ಹಕ್ಕಿನ ಅವಧಿಯೂ ಅರವತ್ತು. ಒಬ್ಬರು ಹೋದ ಸಂವತ್ಸರ ಒಂದು ಸುತ್ತು ಹಾಕಿ ವಾಪಸ್ ಬಂತು ಅಂದರೆ ಅವರ ಪುಸ್ತಕ ಮುಕ್ತವಾಗುವ ಕಾಲವೂ ಬಂತು ಅಂತಲೇ ಅರ್ಥ. ಶೋಭಕೃತು ಅಂದರೆ 1963–64, ಅದು ಮತ್ತೆ ಬಂದದ್ದು 2023ರ ಯುಗಾದಿಗೆ. ಕ್ರೋಧಿ 1964–65, ಮತ್ತೆ 2024–25. ವಿಶ್ವಾವಸು 1965–66, ಮತ್ತೆ 2025–26. ಕಾನೂನು ಮಾಡಿದವರು ಪಂಚಾಂಗ ನೋಡಿ ಮಾಡಿದ್ದಲ್ಲ, ಆದರೂ ಹೊಂದಿಕೊಂಡಿದೆ ಅಲ್ವಾ?

ಇದರಲ್ಲಿ ಒಂದು ತೊಡಕು ಇದೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಕಾಯ್ದೆಯ ವರ್ಷ ಶುರುವಾಗುವುದು ಜನವರಿಗೆ. ಹಾಗಾಗಿ ಮಾಸ ಕೇಳಲೇಬೇಕು. ಚೈತ್ರದಿಂದ ಮಾರ್ಗಶಿರದವರೆಗೆ ಹೋದವರಿಗೆ ಸಾಮಾನ್ಯವಾಗಿ ಸಂವತ್ಸರದ ಮೊದಲ ಇಸವಿ. ಮಾಘ, ಫಾಲ್ಗುಣದಲ್ಲಿ ಹೋದವರಿಗೆ ಮುಂದಿನ ಇಸವಿ. ಪುಷ್ಯ ಬಂದರೆ ಹಳೇ ಪಂಚಾಂಗ ತೆಗೆದು ನೋಡದೆ ಗತಿಯಿಲ್ಲ, ಅದು ಡಿಸೆಂಬರ್ ಜನವರಿ ಎರಡರ ಮೇಲೂ ಕಾಲು ಹಾಕಿ ಕೂತಿರುತ್ತದೆ. ದೇವಸ್ಥಾನದ ಪಂಚಾಂಗದ ಕಟ್ಟು ರದ್ದಿಗೆ ಹಾಕಬೇಡಿ ಅಂತ ನಾನು ಭಟ್ಟರ ಹತ್ತಿರ ಗಲಾಟೆ ಮಾಡುವುದು ಇದಕ್ಕೇ.

ಸಂವತ್ಸರವೂ ನೆನಪಿಲ್ಲ ಅಂದರೆ ಬೇರೆ ದಾರಿ ಹಿಡಿಯಬೇಕು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಹಿಂದಿನದ್ದು ಕೆಲವು ಊರಿನದು ಇದೆ, ಕೆಲವು ಊರಿನದು ಇಲ್ಲ. ಮಾಸ್ತರರಾಗಿದ್ದರೆ ಪಿಂಚಣಿ ನಿಂತ ಕಾಗದ ಮನೆಯಲ್ಲಿ ಎಲ್ಲಾದರೂ ಇರುತ್ತದೆ. ಜಮೀನು ಇದ್ದವರಾದರೆ ವಾರಸಾ ದಾಖಲೆ. ಏನೂ ಇಲ್ಲದಿದ್ದರೆ ಪ್ರಶ್ನೆ ಬದಲಿಸುತ್ತೇನೆ. ಅಜ್ಜ ಹೋದಾಗ ನಿಮ್ಮ ಚಿಕ್ಕಪ್ಪ ಯಾವ ಕ್ಲಾಸಿನಲ್ಲಿದ್ದ? ಮನೆಗೆ ಕರೆಂಟು ಬಂದಿತ್ತಾ? ನದಿಗೆ ಸೇತುವೆ ಆಗಿತ್ತಾ, ಜಂಗಲ್‌ನಲ್ಲಿ, ಅಂದರೆ ದೋಣಿ ಜೋಡಿಸಿ ಕಟ್ಟಿದ ತೆಪ್ಪದಲ್ಲಿ, ದಾಟಬೇಕಿತ್ತಾ? ಹೆಂಗಸರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಯಾವ ಮಗು ಹೊಟ್ಟೆಯಲ್ಲಿತ್ತು ಅಂತ ಹೇಳುತ್ತಾರೆ, ಆ ಮಗುವಿನ ಶಾಲೆ ದಾಖಲೆಯಲ್ಲಿ ಇಸವಿ ಸಿಕ್ಕಿಬಿಡುತ್ತದೆ. ಗಂಡಸರು ಸಾಮಾನ್ಯವಾಗಿ "ಸುಮಾರು ಅರವತ್ತರ ಆಸುಪಾಸು" ಅಂದು ಸುಮ್ಮನಾಗುತ್ತಾರೆ.

ಬರೆದವರ ಹೆಸರೇ ಇಲ್ಲದ ಪುಸ್ತಕವಾದರೆ, ಅಥವಾ ಕಾವ್ಯನಾಮ ಮಾತ್ರ ಇದ್ದು ಅದು ಯಾರು ಅಂತ ಹೊರಗೆ ಬಂದಿರದಿದ್ದರೆ, ಅಚ್ಚಾದ ವರ್ಷದಿಂದ ಅರವತ್ತು ಎಣಿಸಬೇಕು. ಹಾಗಾಗಿ ಅಚ್ಚಾದ ವರ್ಷ ಹುಡುಕುವುದೂ ಒಂದು ವಿದ್ಯೆ. ಮುಖಪುಟ, ಟೈಟಲ್ ಪುಟ ಹರಿದೇ ಹೋಗಿರುತ್ತದೆ, ಅದು ಊರಿನ ಪುಸ್ತಕಗಳ ಹಣೆಬರಹ. ಆದರೂ ಸುಳಿವು ಉಳಿದಿರುತ್ತದೆ. 1867ರ ಒಂದು ಕಾಯ್ದೆಯಿಂದಾಗಿ ಎಂಥ ಸಣ್ಣ ಪುಸ್ತಕವಾದರೂ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು. ಟೈಟಲ್ ಪುಟ ಇಲ್ಲದಿದ್ದರೂ ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅದು ಇದ್ದರೂ ಇರಬಹುದು. ಬೆಲೆ ಆಣೆಯಲ್ಲಿದ್ದರೆ 1957ಕ್ಕಿಂತ ಹಿಂದಿನದು ಅಂತ ಹೆಚ್ಚುಕಡಿಮೆ ನಂಬಬಹುದು, ಆ ವರ್ಷದ ಎಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ವಿಳಾಸದಲ್ಲಿ ಮುಂಬಯಿ ಇಲಾಖೆ ಅಂತ ಇದ್ದರೆ 1956ರ ನವೆಂಬರ್‌ಗಿಂತ ಹಿಂದೆ, ನಮ್ಮ ಜಿಲ್ಲೆ ಅಲ್ಲಿಯವರೆಗೆ ಮುಂಬಯಿಗೆ ಸೇರಿತ್ತು. ಮೈಸೂರು ರಾಜ್ಯ ಅಂತಿದ್ದರೆ 1956 ಮತ್ತು 1973ರ ನಡುವೆ. ಆರು ಅಂಕಿಯ ಪಿನ್ ಕೋಡ್ ಇದ್ದರೆ ಕೆಳಗಿಡಿ, ಅದು ಶುರುವಾದದ್ದೇ 1972ರಲ್ಲಿ.

ಶಕೆ ಹಾಕಿದ್ದರೆ ಎಪ್ಪತ್ತೆಂಟು ಕೂಡಿಸಿದರೆ ಆಯಿತು. ಶಕೆ 1832 ಅಂದರೆ 1910. ಬರೀ ಸಾಧಾರಣ ಸಂವತ್ಸರ ಅಂತ ಹಾಕಿಬಿಟ್ಟರೆ ತಲೆಬಿಸಿ. ಅದು 1910 ಇರಬಹುದು, 1970 ಇರಬಹುದು. ಒಂದಾದರೆ ಮುಕ್ತ, ಇನ್ನೊಂದಾದರೆ 2031ರವರೆಗೆ ಕಾಯಬೇಕು. ಆಗ ಬೆಲೆ ನೋಡಿ, ಕಾಗದ ನೋಡಿ, ಅಕ್ಷರದ ಮೊಳೆ ನೋಡಿ ತೀರ್ಮಾನ ಮಾಡುತ್ತೇನೆ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಒಬ್ಬ ಹಿರಿಯರು ನಮ್ಮ ಪೇಟೆಯಲ್ಲಿ ಇದ್ದಾರೆ. ಅವರಿಗೆ ತೋರಿಸಿದರೆ ಅಕ್ಷರದ ಸವಕಲು ನೋಡಿಯೇ ಯಾವ ಪ್ರೆಸ್ಸು, ಯಾವ ಕಾಲ ಅಂತ ಹೇಳುತ್ತಾರೆ. ನನ್ನ ಕಂಪ್ಯೂಟರಿಗೆ ಆ ಕಣ್ಣಿಲ್ಲ.

ಹಳೆಯದೆಲ್ಲ ಮುಕ್ತ ಅಂತಲೂ ತಿಳಿಯಬಾರದು. ಅಟ್ಟದ ಮೇಲೆ ಅಜ್ಜ ಬರೆದಿಟ್ಟ ನೋಟ್‌ಬುಕ್ ಸಿಕ್ಕಿತು ಅಂತ ಎಷ್ಟೋ ಜನ ತರುತ್ತಾರೆ. ಅಜ್ಜ ಹೋಗಿ ಎಂಬತ್ತು ವರ್ಷ ಆಗಿರುತ್ತದೆ. ಆದರೆ ಅದು ಅವರು ಬದುಕಿದ್ದಾಗ ಎಲ್ಲೂ ಪ್ರಕಟವಾಗಿಲ್ಲದಿದ್ದರೆ ಲೆಕ್ಕ ಬೇರೆ. ಮೊದಲ ಸಲ ಯಾವಾಗ ಪ್ರಕಟ ಮಾಡುತ್ತೀರೋ ಅಲ್ಲಿಂದ ಅರವತ್ತು ವರ್ಷ ಶುರು. ಹಾಗಾಗಿ ಕೈಬರಹವಾದರೆ ವಾರಸುದಾರರ ಒಪ್ಪಿಗೆ ಬರೆಸಿಕೊಳ್ಳುತ್ತೇನೆ. ಹಳೇ ಕಾವ್ಯಕ್ಕೆ ಹೊಸಬರು ಬರೆದ ಮುನ್ನುಡಿ, ಅರ್ಥ, ಟಿಪ್ಪಣಿ ಕೂಡ ಹಾಗೆಯೇ. ಕಾವ್ಯ ಎಲ್ಲರದ್ದು, ಟಿಪ್ಪಣಿ ಬರೆದವರದ್ದು.

ಫೋಟೋ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಮೊದಲು ಫೋಟೋ ಪ್ರಕಟವಾದ ವರ್ಷದಿಂದ ಅರವತ್ತು ಅಂತ ಇತ್ತು. 2012ರಲ್ಲಿ ಕಾಯ್ದೆ ತಿದ್ದಿ ಫೋಟೋಗೂ ಬೇರೆ ಬರಹದ ಹಾಗೆ ತೆಗೆದವರು ತೀರಿಕೊಂಡ ಮೇಲೆ ಅರವತ್ತು ಮಾಡಿದರು. ಅಷ್ಟರೊಳಗೆ ಅವಧಿ ಮುಗಿದದ್ದು ಮುಗಿಯಿತು. ಹಾಗಾಗಿ 1951ರವರೆಗೆ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾದ ಫೋಟೋ ಆದರೆ ಧೈರ್ಯವಾಗಿ ಹಾಕುತ್ತೇನೆ. ಗೋಡೆ ಮೇಲೆ ತೂಗುಹಾಕಿದ ಗ್ರೂಪ್ ಫೋಟೋ ಆದರೆ ಹಿಂದೆ ಸ್ಟುಡಿಯೋದ ಸೀಲ್ ಇದೆಯಾ ಅಂತ ತಿರುಗಿಸಿ ನೋಡುತ್ತೇನೆ. ಸ್ಟುಡಿಯೋದವರ ಮೊಮ್ಮಕ್ಕಳು ಇನ್ನೂ ಪೇಟೆಯಲ್ಲಿ ಇರುತ್ತಾರೆ. ಕೇಳಿದರೆ ಬೇಡ ಅಂದವರಿಲ್ಲ. ಅಜ್ಜನ ಹೆಸರು ಕೆಳಗೆ ಹಾಕುತ್ತೇನೆ ಅಂದರೆ ಚಹಾ ಕೊಟ್ಟು ಕಳಿಸುತ್ತಾರೆ.

ಹಾಡಿನ ವಿಷಯ ಇನ್ನೂ ಸೂಕ್ಷ್ಮ. ಅಂಕೋಲೆಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗಿನಿಂದ ಹಾಲಕ್ಕಿ ಹಾಡು ಅಂದರೆ ಎಲ್ಲರಿಗೂ ಗೊತ್ತು. ಆ ಹಾಡುಗಳಿಗೆ ಕರ್ತೃ ಇಲ್ಲ, ತಲೆಮಾರುಗಳಿಂದ ಬಂದದ್ದು. ಹಾಡಿನ ಮಾತನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಆದರೆ ಒಬ್ಬ ಹೆಂಗಸು ಕೂತು ಹಾಡಿದ್ದನ್ನು ಮೊಬೈಲ್‌ನಲ್ಲಿ ಹಿಡಿದರೆ ಆ ಹಾಡಿಕೆಯ ಮೇಲೆ ಆಕೆಗೆ ಹಕ್ಕಿದೆ, ಕಾನೂನಿನಲ್ಲೂ ಇದೆ. ಹಸೆ ಚಿತ್ತಾರವೂ ಹಾಗೇ. ಪದ್ಧತಿ ಹಳೆಯದು, ಈಗ ಈ ಗೋಡೆ ಮೇಲೆ ಬರೆದ ಚಿತ್ರ ಬರೆದವರದ್ದು. ಜಾನಪದ ಅಂತ ಹೇಳಿ ಬದುಕಿರುವವರ ಕೆಲಸವನ್ನು ಹೆಸರಿಲ್ಲದೆ ಎತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಂಗ್ಲಿಷ್ ಮೂಲಗಳನ್ನೂ ನಾನು ಬಿಡುವುದಿಲ್ಲ. ಮುಂಬಯಿ ಪ್ರೆಸಿಡೆನ್ಸಿ ಗೆಝೆಟಿಯರಿನ ಹದಿನೈದನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದ್ದು, 1883ರದ್ದು, ಎರಡು ಭಾಗ. ಊರು, ಬಂದರು, ಕಾಳುಮೆಣಸು, ಮೀನು, ಜಾತಿ, ದೇವಸ್ಥಾನ ಎಲ್ಲ ಇದೆ. ಅದಕ್ಕೂ ಮೊದಲು ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕಡೆ ನಡೆದುಹೋಗಿ ಬರೆದದ್ದು 1807ರಲ್ಲಿ ಅಚ್ಚಾಗಿದೆ. ಎರಡೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆಯುವವರು ಇದನ್ನು ಒಂದು ಸಲ ನೋಡಿದ್ದರೆ "ಪುರಾಣ ಕಾಲದಿಂದಲೂ" ಅಂತ ಶುರು ಮಾಡಬೇಕಾಗಿರಲಿಲ್ಲ. ಬಿಳಿಯರು ಜಾತಿಗಳ ಬಗ್ಗೆ ಬರೆದದ್ದನ್ನು ಮಾತ್ರ ಹಾಗೆಯೇ ಅನುವಾದಿಸಬೇಡಿ. ಒಂದು ಸಮಾಜದವರ ಬಗ್ಗೆ ಕೆಟ್ಟ ವಿಶೇಷಣ ಇರುತ್ತದೆ. ಅದೇ ಸಮಾಜದ ಮಕ್ಕಳು ಆ ಶಾಲೆಯಲ್ಲಿ ಇವತ್ತು ಕೂತಿರುತ್ತಾರೆ.

ಪುಸ್ತಕ ಕೈಗೆ ಬಂದ ಮೇಲಿನ ಕೆಲಸ ಮೈಮುರಿಯುವಂಥದ್ದು. ಸ್ಕ್ಯಾನರಿನ ಗಾಜಿನ ಮೇಲೆ ಒತ್ತಿದರೆ ಪುಸ್ತಕದ ಬೆನ್ನು ಮುರಿದುಹೋಗುತ್ತದೆ. ಅರ್ಧ ತೆರೆದು, ಎರಡೂ ಕಡೆ ದಿಂಬು ಇಟ್ಟು, ಕಿಟಕಿಯ ಬೆಳಕಿನಲ್ಲಿ ಮೊಬೈಲ್ ಸ್ಟ್ಯಾಂಡಿಗೆ ಹಾಕಿ ತೆಗೆಯುತ್ತೇನೆ. ಫ್ಲ್ಯಾಶ್ ಬೇಡ. ಹರಿದ ಪುಟಕ್ಕೆ ದಯವಿಟ್ಟು ಸೆಲೋಟೇಪ್ ಹಚ್ಚಬೇಡಿ. ಹತ್ತು ವರ್ಷಕ್ಕೆ ಅದು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೂ ಎತ್ತಿಕೊಂಡು ಬರುತ್ತದೆ.

ಆಮೇಲೆ ಒಸಿಆರ್, ಅಂದರೆ ಫೋಟೋದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು. ಗೂಗಲ್‌ನದು ಈಗ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ. ಆದರೂ ಹಳೇ ಮೊಳೆಯ ಅಚ್ಚಿಗೆ ಅದರ ಕೆಲವು ಖಾಯಂ ಚಟಗಳಿವೆ. ಅನುಸ್ವಾರದ ಸೊನ್ನೆಯನ್ನು ಅಂಕಿಯ ಸೊನ್ನೆ ಮಾಡುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಪದ ಸಿಗುವುದಿಲ್ಲ. ಅರ್ಕಾವೊತ್ತನ್ನು ಒಂಬತ್ತು ಅಂತ ಓದಿ 'ಧರ್ಮ' ಹೋಗಿ 'ಧಮ೯' ಆಗುತ್ತದೆ. 'ಮ' ಮತ್ತು 'ವು' ಅದಲುಬದಲು. ಇದನ್ನೆಲ್ಲ ಕೂತು ತಿದ್ದಬೇಕು. ನಾನು ತಿದ್ದಿದ್ದನ್ನು ಕನ್ನಡ ವಿಕಿಸೋರ್ಸ್‌ಗೆ, ಅಂದರೆ ಮುಕ್ತ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯಕ್ಕೆ, ಹಾಕುತ್ತೇನೆ. ಅಲ್ಲಿ ಪುಟ ಒಂದು ಕಡೆ, ಪಠ್ಯ ಒಂದು ಕಡೆ ಕಾಣುತ್ತದೆ. ಒಬ್ಬರು ತಿದ್ದಿದರೆ ಪುಟ ಹಳದಿ, ಎರಡನೆಯವರು ನೋಡಿ ಒಪ್ಪಿದರೆ ಹಸಿರು. ಎಲ್ಲೋ ಬೆಂಗಳೂರಿನಲ್ಲಿ ಕೂತವರು ನಮ್ಮೂರ ಆರತಿ ಹಾಡಿನ ಪುಟವನ್ನು ಹಸಿರು ಮಾಡಿರುತ್ತಾರೆ. ಸ್ಕ್ಯಾನನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಅಮೆರಿಕದ ಲೆಕ್ಕದಲ್ಲೂ ಮುಕ್ತ ಆಗಿರಬೇಕು ಅನ್ನುತ್ತಾರೆ, ಅದೊಂದು ಪ್ರತ್ಯೇಕ ರಾಮಾಯಣ.

ಹೀಗೆ ಹಾಕಿದ್ದನ್ನು ಯಾರಾದರೂ ತೆಗೆದುಕೊಂಡು ಪುಸ್ತಕ ಮಾಡಿ ಮಾರಿದರೆ ಅಂತ ಕೇಳುತ್ತಾರೆ. ಮಾರಲಿ. ಮುಕ್ತ ಅಂದರೆ ಅದೂ ಸೇರಿಯೇ. ನನಗೆ ಬೇಸರ ಬರುವುದು ಬೇರೆ ಕಾರಣಕ್ಕೆ. ಒಂದು ವೆಬ್‌ಸೈಟಿನವರು ಇಂಥ ಹಳೇ ಸ್ಕ್ಯಾನ್ ಎತ್ತಿ ಪ್ರತಿ ಪುಟದ ಮೇಲೆ ತಮ್ಮ ಹೆಸರಿನ ವಾಟರ್‌ಮಾರ್ಕ್ ಬಡಿದು, ಕೆಳಗೆ ಹಕ್ಕು ಕಾಯ್ದಿರಿಸಿದೆ ಅಂತ ಬರೆದಿದ್ದರು. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಯಾರಿಗೂ ಪಠ್ಯದ ಹಕ್ಕು ಬರುವುದಿಲ್ಲ, ನನಗೂ ಬರುವುದಿಲ್ಲ. ಪುಸ್ತಕ ಇಟ್ಟುಕೊಂಡವರಿಗೂ ಇಲ್ಲ. ಆದರೂ ಪುಸ್ತಕ ಇಟ್ಟುಕೊಂಡ ಮನೆಯವರನ್ನು ನಾನು ಕೇಳಿಯೇ ಕೇಳುತ್ತೇನೆ. ಅವರು ಗೆದ್ದಲು, ಮಳೆ, ಪಾಲುಪಟ್ಟಿ ಎಲ್ಲ ದಾಟಿಸಿ ಉಳಿಸಿದ್ದಾರೆ. ಅವರ ಜಗುಲಿಯಲ್ಲಿ ಕೂತು "ಇದು ಕಾನೂನು ಪ್ರಕಾರ ನಿಮ್ಮದಲ್ಲ" ಅನ್ನುವುದಕ್ಕೆ ನಾಲಿಗೆ ಏಳಬೇಕಲ್ಲ.

ಈಗ ನನ್ನ ಕೈಯಲ್ಲಿ ಇರುವುದು ಅಂಥದೇ ಒಂದು. ಒಂದು ಶಾಲೆಯ ಶತಮಾನೋತ್ಸವ. ಅಲ್ಲಿ ಬಹಳ ವರ್ಷ ಇದ್ದ ಮಾಸ್ತರರು ಮಕ್ಕಳ ಪದ್ಯಗಳ ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದರು, ಬೆಲೆ ಎರಡು ಆಣೆ. ಏಡಿ, ಕಾಗೆ, ದೋಣಿ, ಮಳೆ, ಗೇರುಹಣ್ಣು. ಗೇರುಹಣ್ಣಿನ ಪದ್ಯ ಓದಿದರೆ ಗಂಟಲಲ್ಲಿ ಕರೆ ಹತ್ತಿದ ಹಾಗಾಗುತ್ತದೆ. ಸಂಚಿಕೆಯ ನಡುನಡುವೆ ಇದನ್ನೇ ಹಾಕೋಣ, ಒಂದು ಪದ್ಯವೂ ಹೊರಗಿನದು ಬೇಡ ಅಂತ ನಾನು ಕಮಿಟಿಯವರ ತಲೆ ತಿಂದಿದ್ದೆ. ಅವರು ಒಪ್ಪಿದರು. ಮಾಸ್ತರರು ಹೋದದ್ದು ಯಾವಾಗ? ಮೊಮ್ಮಕ್ಕಳು ವಿಶ್ವಾವಸು ಅಂದರು, ಅಂದರೆ 65, ಅಂದರೆ ಈ ವರ್ಷದ ಜನವರಿಯಿಂದಲೇ ಮುಕ್ತ, ಹಾಕಿಬಿಡಿ ಅಂದರು.

ಮಾಸ್ತರರ ಮಗಳು ಇದ್ದಾರೆ, ವಯಸ್ಸಾಗಿದೆ, ಕಿವಿ ಮಂದ. ಮಾಸ ಯಾವುದು ಅಜ್ಜಿ ಅಂತ ಕೇಳಿದೆ. ಮಾಘ ಬಹುಳ ಪಂಚಮಿ, ನಾವು ಶ್ರಾದ್ಧ ಮಾಡುವುದು ಅವತ್ತೇ ಅಂದರು. ಅಲ್ಲಿಗೇ ನಿಲ್ಲಿಸಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಹೋದ ಸುದ್ದಿ ಬಂದ ದಿನ ಅಪ್ಪಯ್ಯ ಊಟ ಮಾಡಿರಲಿಲ್ಲ, ಅದಾಗಿ ತಿಂಗಳಿಗೆ ಅಪ್ಪಯ್ಯನೂ ಹೋದ ಅಂದರು. ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡದ್ದು 1966ರ ಜನವರಿ 11. ತಿಂಗಳು ಅಂದರೆ ಫೆಬ್ರವರಿ. ಅಲ್ಲಿಗೆ 65 ಅಲ್ಲ, 66. ಪುಸ್ತಕ ಮುಕ್ತವಾಗುವುದು 2027ರ ಜನವರಿ 1ಕ್ಕೆ. ಸಂಚಿಕೆ ಬರಬೇಕಿದ್ದದ್ದು ಈ ಡಿಸೆಂಬರಿಗೆ.

ಕಮಿಟಿಯ ಕಾರ್ಯದರ್ಶಿ ನಕ್ಕರು. "ಒಂದು ತಿಂಗಳಿಗೆ ಯಾರು ಕೇಸ್ ಹಾಕ್ತಾರೆ ತಂಗಿ?" ಯಾರೂ ಹಾಕುವುದಿಲ್ಲ, ನನಗೂ ಗೊತ್ತು. ಆದರೆ ವಾರಸುದಾರರು ಬದುಕಿರುವಾಗ, ಒಂದು ಕಾಗದ ಬರೆದು ಕೇಳಿದರೆ ಆಗುವ ಕೆಲಸಕ್ಕೆ ಯಾಕೆ ಕಣ್ಣು ಮುಚ್ಚಿಕೊಳ್ಳಬೇಕು? ಕಾದಂಬರಿಕಾರ ನಿರಂಜನರ ಮನೆಯವರು ಅವರ ಪುಸ್ತಕಗಳನ್ನು ಅವಧಿ ಮುಗಿಯುವ ಎಷ್ಟೋ ಮೊದಲೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಹಕ್ಕು ಇಟ್ಟುಕೊಂಡೇ ಎಲ್ಲರೂ ಬಳಸಲಿ ಅನ್ನುವ ಒಪ್ಪಿಗೆಯಲ್ಲಿ, ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶವನ್ನೇ ಹಾಗೆ ಕೊಟ್ಟಿತು. ಅದು ಪಬ್ಲಿಕ್ ಡೊಮೇನ್, ಅಂದರೆ ಪೂರ್ತಿ ಮುಕ್ತ, ಅಲ್ಲ, ಹೆಸರು ಹಾಕಬೇಕು, ಷರತ್ತು ಪಾಲಿಸಬೇಕು. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಕಾಗದ ನಾನೇ ಟೈಪ್ ಮಾಡಿದೆ. ಮಗಳು ಓದಿಸಿ ಕೇಳಿ ಸಹಿ ಹಾಕಿದರು. ಮೊಮ್ಮಕ್ಕಳು ಮುಂಬೈ, ಪುಣೆ, ಇಲ್ಲೇ ಊರು ಅಂತ ಹಂಚಿಹೋಗಿದ್ದಾರೆ. ಪುಣೆಯವರೊಬ್ಬರಿಗೆ ಇದನ್ನು ತಾವೇ ಬಣ್ಣದ ಚಿತ್ರ ಹಾಕಿಸಿ ಮಾರಬೇಕು ಅಂತ ಆಸೆ ಇತ್ತು. ಫೋನ್ ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಾಗ ಅಜ್ಜಿ ಅದನ್ನು ಹೇಗೋ ಕೇಳಿಸಿಕೊಂಡರು. "ಅಪ್ಪಯ್ಯ ಶಾಲೆ ಮಕ್ಕಳಿಗೆ ಪುಕ್ಕಟೆ ಹಂಚಿದ್ದು. ನೀ ಎಂತಕ್ಕೆ ದುಡ್ಡು ಕೇಳ್ತೆ?" ಅಂದರು. ಮಾರಬೇಡಿ ಅಂತ ಯಾರೂ ಹೇಳಿಲ್ಲ, ನೀವೂ ಮಾರಬಹುದು, ಬೇರೆಯವರೂ ಅಚ್ಚು ಹಾಕಬಹುದು, ಅಷ್ಟೇ ಅಂತ ನಾನು ವಿವರಿಸಿದೆ. ಅವರ ಸಹಿಯೂ ಬಂತು. ಮುಂಬೈಯ ಒಬ್ಬರದು ಮಾತ್ರ ಇನ್ನೂ ಬಂದಿಲ್ಲ, ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬಿದ್ದಿದೆ, ಉತ್ತರ ಇಲ್ಲ.

ಅಷ್ಟರಲ್ಲಿ ಶತಮಾನೋತ್ಸವವೇ ಮುಂದೆ ಹೋಯಿತು. ಮಂತ್ರಿಗಳ ದಿನಾಂಕ ಸಿಗಲಿಲ್ಲವಂತೆ, ಫೆಬ್ರವರಿಗೆ ಹಾಕಿದ್ದಾರೆ. ಆ ಹೊತ್ತಿಗೆ ಜನವರಿ 1 ಕಳೆದಿರುತ್ತದೆ, ಸಹಿ ಬಂದರೂ ಸರಿ, ಬಾರದಿದ್ದರೂ ಸರಿ. ಈಗ ಉಳಿದಿರುವ ತೊಂದರೆ ಬೇರೆ. ಪುಸ್ತಕದಲ್ಲಿ ನಡುವಿನ ಒಂದು ಹಾಳೆ ಇಲ್ಲ. ದೋಣಿಯ ಪದ್ಯ ಅರ್ಧಕ್ಕೆ ನಿಂತಿದೆ, ಮಳೆಯ ಪದ್ಯಕ್ಕೆ ಮೊದಲ ನಾಲ್ಕು ಸಾಲಿಲ್ಲ. ಅಜ್ಜಿಗೆ ದೋಣಿಯದ್ದು ಬಾಯಿಪಾಠ ಬರುತ್ತದೆ, ಬರೆದುಕೊಂಡಿದ್ದೇನೆ. ಮಳೆಯದ್ದು ಬರುವುದಿಲ್ಲ. ಹೊನ್ನಾವರ, ಕುಮಟಾ ಕಡೆಯ ಹಳೇ ಮನೆಗಳಲ್ಲಿ ಗುಲಾಬಿ ಬಣ್ಣದ ರಟ್ಟಿನ, ಅಂಗೈಯಷ್ಟು ಅಗಲದ, ಎರಡು ಆಣೆ ಬೆಲೆಯ ಮಕ್ಕಳ ಪದ್ಯದ ಪುಸ್ತಕ ಕಂಡರೆ ಹಾಳೆ ಎಣಿಸಿ ನೋಡಿ. ಪುಸ್ತಕ ಕೊಡುವುದು ಬೇಡ. ಆ ಹಾಳೆಯ ಎರಡೂ ಮಗ್ಗುಲಿನ ಫೋಟೋ ಸಾಕು, ಫ್ಲ್ಯಾಶ್ ಇಲ್ಲದೆ.